ಒಂಬತ್ತು ಇಪ್ಪತ್ತೇಳರ ಹ್ಯಾಕರ್

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆಸಿ ಎರಡು ಕಾಗದ ಮುಂದಿಟ್ಟರು. ಒಂದು, ಶುಕ್ರವಾರ ಮಧ್ಯಾಹ್ನ ಪರ್ಸನಲ್ ವಿಭಾಗಕ್ಕೆ ಬಂದ ಫೋನಿನ ಟಿಪ್ಪಣಿ: ಅಂಬರನಾಥದಿಂದ ಬರುವ ಆಪರೇಟರ್ ಮಗುವಿಗೆ ಜ್ವರವೆಂದು ಆ ದಿನ ಕೆಲಸಕ್ಕೆ ಬಂದಿಲ್ಲ. ಇನ್ನೊಂದು, ನಮ್ಮ ಕಂಪ್ಯೂಟರೇ ಮುದ್ರಿಸಿದ ಹಾಜರಿ ಪಟ್ಟಿ: ಅದೇ ಆಪರೇಟರ್ ಅದೇ ಶುಕ್ರವಾರ ಬೆಳಿಗ್ಗೆ ೯:೨೭ಕ್ಕೆ ಲಾಗಿನ್ ಆಗಿದ್ದಾರೆ, ಸಂಜೆ ಐದೂವರೆಯವರೆಗೆ ಕೂತಿದ್ದಾರೆ, ನಲವತ್ತು ಸಾಲು ಟೈಪ್ ಮಾಡಿದ್ದಾರೆ.

"ಹ್ಯಾಕರ್" ಎಂದರು ಮ್ಯಾನೇಜರ್. ಅವರ ಮುಖದಲ್ಲಿ ಗಾಬರಿಗಿಂತ ಸಂತೋಷವೇ ಹೆಚ್ಚಾಗಿತ್ತು.

ಆ ಪದ ಆಗಷ್ಟೇ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿತ್ತು. ನಮ್ಮ ಮ್ಯಾನೇಜರಿಗೆ ಅದಕ್ಕೂ ಮುಂಚೆಯೇ ಗೊತ್ತಿತ್ತು, ಏಕೆಂದರೆ ಫೌಂಟನ್ ಚೌಕದ ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವ ಹಳೇ ಅಮೆರಿಕನ್ ಕಾದಂಬರಿಗಳ ಹುಚ್ಚು ಅವರಿಗೆ. ಒಂದನ್ನು ನನಗೂ ಓದಲು ಕೊಟ್ಟಿದ್ದರು. ಅದರಲ್ಲಿ ನಾಯಕ ತಲೆಗೆ ತಂತಿ ಸಿಕ್ಕಿಸಿಕೊಂಡು ಕಂಪ್ಯೂಟರಿನೊಳಗೇ ಇಳಿಯುತ್ತಾನೆ. ಒಳಗೆ ದೀಪಗಳ ನಗರ, ಹೊರಗೆ ಬಿಡದ ಮಳೆ, ದೊಡ್ಡ ಕಂಪನಿಗಳ ಗುಟ್ಟನ್ನೆಲ್ಲ ಅವನು ಕದ್ದು ತರುತ್ತಾನೆ. ಅವನಿಗೆ ಮನೆಯಿಲ್ಲ, ಮಠವಿಲ್ಲ, ಊಟ ಮಾಡಿದ್ದೂ ಎಲ್ಲೂ ಬರುವುದಿಲ್ಲ. ಅಂಥವನೊಬ್ಬ ಅಷ್ಟು ದೂರದಿಂದ ಬಂದು, ಬಂದರಿನ ಬಳಿಯ ನಮ್ಮ ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಕೂತು, ಯಾವ ಹಡಗಿನಲ್ಲಿ ಎಷ್ಟು ಮೂಟೆ ಗೋಡಂಬಿ, ಎಷ್ಟು ಡ್ರಮ್ಮು ರಾಸಾಯನಿಕ ಎಂಬ ಮ್ಯಾನಿಫೆಸ್ಟ್ ಪಟ್ಟಿಯನ್ನು ನಲವತ್ತು ಸಾಲು ಟೈಪ್ ಮಾಡಿ ಹೋಗಿದ್ದಾನೆ.

"ಸರ್, ಆ ನಲವತ್ತು ಸಾಲು ನೋಡಿದೆ. ಒಂದೂ ತಪ್ಪಿಲ್ಲ. ಹ್ಯಾಕರ್ ಬಂದು ನಮ್ಮ ಬಾಕಿ ಕೆಲಸ ಮುಗಿಸಿ ಹೋಗ್ತಾನಾ?" ಎಂದೆ.

"ಅವನು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೆ" ಎಂದರು. "ಆ ಹೆಂಗಸು ಪಾಸ್‌ವರ್ಡನ್ನು ಹೊರಗಿನವರಿಗೆ ಕೊಟ್ಟಿದ್ದಾಳೆ. ಅವಳ ಪ್ರೊಬೇಷನ್ ಈ ಶನಿವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ನೀನು ಅವನನ್ನು ಹಿಡಿದುಕೊಟ್ಟರೆ ಸರಿ. ಇಲ್ಲದಿದ್ದರೆ ಅವಳಿಗೆ ಪತ್ರ ಕೊಟ್ಟು ಕಳಿಸುತ್ತೇನೆ."

ಇಲ್ಲಿ ನನ್ನ ಪಾಪವೊಂದನ್ನು ಹೇಳಿಬಿಡಬೇಕು. ಆ ಹಾಜರಿ ಪ್ರೋಗ್ರಾಮ್ ಬರೆದವನು ನಾನೇ. ಮೊದಲು ಆಪರೇಟರುಗಳು ಮಸ್ಟರ್ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಮಸ್ಟರ್ ಗುಮಾಸ್ತ ದೂರದ ಕಲ್ಯಾಣಿನವನು. ಲೋಕಲ್ ರೈಲು ತಡವಾದರೆ ಅವನೂ ತಡವಾಗಿಯೇ ಬಂದು ಎಲ್ಲರಿಗೂ ಆಫೀಸು ಶುರುವಾಗುವ ಒಂಬತ್ತೂವರೆ ಎಂದೇ ಬರೆದುಕೊಳ್ಳುತ್ತಿದ್ದ. ಮೈಸೂರಿನಿಂದ ಬಂದು ಮೂರು ವರ್ಷವಾಗಿದ್ದ ನನಗೆ ಇದು ಅನ್ಯಾಯವೆನಿಸಿತು. ದಿನದ ಮೊದಲ ಲಾಗಿನ್ ಹೊತ್ತೇ ಹಾಜರಿ, ಮೂರು ಸಲ ತಡವಾದರೆ ಅರ್ಧ ದಿನದ ರಜೆ ಕಡಿತ, ಎಂದು ಪ್ರೋಗ್ರಾಮ್ ಬರೆದು ಮ್ಯಾನೇಜರಿಗೆ ತೋರಿಸಿದೆ. ಬೆನ್ನು ತಟ್ಟಿದರು. ಪಕ್ಷಪಾತ ಬೇಡವೆಂದು ನನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದೆ. ನಾನು ಹತ್ತುತ್ತಿದ್ದುದು ದಾದರಿನಲ್ಲಿ, ಹದಿನೈದು ನಿಮಿಷದ ದಾರಿ. ಒಂದೂವರೆ ಗಂಟೆ ನಿಂತೇ ಬರುವ ಅಂಬರನಾಥದವರ ಕಷ್ಟ ನನಗೇನು ಗೊತ್ತು?

ಆ ಪ್ರೋಗ್ರಾಮಿನಲ್ಲಿ ಒಂದು ದೋಷವೂ ಇತ್ತು. ಹಿಂದಿನ ವರ್ಷ ನನ್ನ ಹೆಂಡತಿಗೆ ಹೆರಿಗೆಯಾದ ದಿನ ನಾನು ಆಸ್ಪತ್ರೆಯಿಂದ ಆಫೀಸಿಗೆ ಬಂದಾಗ ಹನ್ನೆರಡು ದಾಟಿತ್ತು. ಆದರೂ ಪಟ್ಟಿಯಲ್ಲಿ ನನಗೆ ತಡದ ಗುರುತು ಬೀಳಲಿಲ್ಲ. ಎಲ್ಲೋ ಲೆಕ್ಕ ತಪ್ಪಿದೆ ಎಂದು ಎರಡು ಭಾನುವಾರ ಕೂತು, ಮಗುವಿನ ಮುಖ ನೋಡುವುದನ್ನೂ ಬಿಟ್ಟು, ಸಾಲು ಸಾಲು ತಿದ್ದಿದೆ. ದೋಷ ಸಿಗಲಿಲ್ಲ. ಅದು ಹಲ್ಲಿನ ಸಂದಿಯ ನಾರಿನ ಹಾಗೆ ನನ್ನನ್ನು ಕಾಡುತ್ತಲೇ ಇತ್ತು.

ಹುಡುಕಾಟ ಶುರುವಾಯಿತು. ಹೊರಗಿನವನು ಬರಬೇಕಾದರೆ ಇದ್ದ ದಾರಿ ಒಂದೇ: ಮೋಡೆಮ್, ಅಂದರೆ ಫೋನಿನ ತಂತಿಯ ಮೂಲಕ ಕಂಪ್ಯೂಟರುಗಳನ್ನು ಮಾತಾಡಿಸುವ ಪೆಟ್ಟಿಗೆ. ಕೊಲ್ಲಿಯಾಚೆ ಹೊಸ ಬಂದರಿನಲ್ಲಿದ್ದ ನಮ್ಮ ಶಾಖೆ ಅದರ ಮೂಲಕವೇ ಮ್ಯಾನಿಫೆಸ್ಟ್ ಕಳಿಸಬೇಕಿತ್ತು. ಆ ಫೋನ್ ಲೈನಿನ ಕಥೆ ಕೇಳಬೇಡಿ. ಹತ್ತು ಸಲ ಡಯಲ್ ಮಾಡಿದರೆ ನಾಲ್ಕು ಸಲ ಯಾರದೋ ಗೋಡೌನು ಸಿಗುತ್ತಿತ್ತು, ಮೂರು ಸಲ ಏನೂ ಸಿಗುತ್ತಿರಲಿಲ್ಲ. ಶಾಖೆಯ ಗುಮಾಸ್ತ ನನ್ನ ಖಾತೆಯ ಹೆಸರಿನಲ್ಲೇ ಒಳಬರುವಂತೆ 'ತಾತ್ಕಾಲಿಕ' ವ್ಯವಸ್ಥೆ ಮಾಡಿ ಎರಡು ವರ್ಷವಾಗಿತ್ತು. ತಿಂಗಳಿಗೊಮ್ಮೆ ನಾನು ಪಾಸ್‌ವರ್ಡ್ ಬದಲಿಸಿದಾಗ ಆಪರೇಟರುಗಳು ಕೂರುವ ಹಾಲಿನ ಫೋನಿನಲ್ಲಿ ಅವನಿಗೆ ಹೇಳಬೇಕು. ಅವನಿಗೆ ಕೇಳಿಸುವುದಿಲ್ಲ. ನಾನು ಮೇಜಿನ ಮೇಲೆ ಬಗ್ಗಿ, ಇನ್ನೊಂದು ಕಿವಿ ಮುಚ್ಚಿಕೊಂಡು, ಗಂಟಲು ಹರಿಯುವಂತೆ ಕೂಗಿ ಹೇಳಿದರೂ "ಕ್ಯಾ? ಕ್ಯಾ ಬೋಲಾ?" ಎನ್ನುತ್ತಿದ್ದ. ಆ ಲೈನಿನಲ್ಲಿ ಮೊದಲ ಸಲಕ್ಕೇ ಒಳಗೆ ಬರಬಲ್ಲ ಹ್ಯಾಕರ್ ಯಾರಾದರೂ ಇದ್ದಿದ್ದರೆ ನಾನೇ ಹಾರ ಹಾಕಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ.

ದಾಖಲೆ ತೆಗೆದು ನೋಡಿದೆ. ಶುಕ್ರವಾರದ ಲಾಗಿನ್ ಬಂದಿದ್ದು ಕಂಪ್ಯೂಟರಿಗೆ ಜೋಡಿಸಿದ ತಂತಿಗಳಲ್ಲಿ ಏಳನೇ ನಂಬರಿನ ಲೈನಿನಿಂದ, ಮೋಡೆಮ್ ಇದ್ದುದು ಹದಿನಾರನೆಯದರಲ್ಲಿ. ಏಳು ಎಂದರೆ ಹಾಲಿನ ಗೋಡೆಯುದ್ದಕ್ಕೂ ಸಾಲಾಗಿಟ್ಟ ಹದಿನಾಲ್ಕು ಟರ್ಮಿನಲ್‌ಗಳಲ್ಲಿ ಏಳನೆಯದು, ಆಕೆಯದೇ. ಕಳ್ಳ ಮನೆಯೊಳಗೇ ಇದ್ದಾನೆ ಎಂದು ಮ್ಯಾನೇಜರಿಗೆ ಹೇಳಿದೆ.

"ಹ್ಯಾಕರುಗಳು ಲೈನ್ ನಂಬರನ್ನೂ ಬದಲಿಸಬಲ್ಲರು. ಆ ಪುಸ್ತಕ ಪೂರ್ತಿ ಓದಲಿಲ್ಲವೇ ನೀನು?" ಎಂದು ನನ್ನನ್ನೇ ಕೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮೋಡೆಮ್ ಕಿತ್ತಿಡಲು ಅಪ್ಪಣೆಯಾಯಿತು. ಅಂದಿನಿಂದ ಶಾಖೆಯ ಮ್ಯಾನಿಫೆಸ್ಟ್‌ಗಳು ಫ್ಲಾಪಿಯಲ್ಲಿ, ಲಾಂಚ್ ಹತ್ತಿ ಬರತೊಡಗಿದವು. ಮಂಗಳವಾರದ ಫ್ಲಾಪಿಗೆ ಉಪ್ಪುನೀರು ತಗುಲಿ ಓದಲಾಗಲಿಲ್ಲ. ಹಡಗಿನ ಪೂರ್ತಿ ಪಟ್ಟಿಯನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ಆಪರೇಟರುಗಳು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮಂಗಳವಾರವೇ ಎಲ್ಲರ ಪಾಸ್‌ವರ್ಡನ್ನೂ ಬದಲಿಸಿದೆ. ಎಂಟು ಅಕ್ಷರ, ನಡುವೆ ಎರಡು ಅಂಕಿ, ಅರ್ಥವಿಲ್ಲದ್ದು. ಒಬ್ಬೊಬ್ಬರಿಗೂ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಸಹಿ ಪಡೆದು ಕೊಟ್ಟೆ. ನನ್ನದನ್ನೂ ಬದಲಿಸಿ, ಮೋಡೆಮ್ ಮತ್ತೆ ಬಂದಾಗ ಬೇಕಾದೀತೆಂದು ಶಾಖೆಗೆ ಫೋನ್ ಮಾಡಿ ಕೂಗಿ ತಿಳಿಸಿದೆ. ಬುಧವಾರ ಬೆಳಿಗ್ಗೆ ಪಟ್ಟಿ ನೋಡಿದರೆ ಮತ್ತೆ ೯:೨೭ಕ್ಕೆ ಆರು ಲಾಗಿನ್. ಗೇಟಿನ ಕಾವಲುಗಾರನ ಪುಸ್ತಕದ ಪ್ರಕಾರ ಆ ಆರು ಜನ ಒಳಗೆ ಬಂದದ್ದು ಹತ್ತಕ್ಕೆ ಹತ್ತು ನಿಮಿಷವಿರುವಾಗ. ನಾನು ಚಾಪೆ ಕೆಳಗೆ ತೂರಿದರೆ ಯಾರೋ ರಂಗೋಲಿ ಕೆಳಗೆ ತೂರುತ್ತಿದ್ದರು.

ಅಂಬರನಾಥದಾಕೆಯನ್ನು ಕರೆದು ಕೇಳಿದೆ. ಮೂವತ್ತರ ಆಸುಪಾಸಿನ ಮರಾಠಿ ಹೆಂಗಸು. ಗಂಡ ಕೆಲಸಕ್ಕಿದ್ದ ಬಟ್ಟೆ ಮಿಲ್ಲು ಬಾಗಿಲು ಹಾಕಿ ವರ್ಷಗಳಾಗಿದ್ದವು. ಮನೆ ನಡೆಯುತ್ತಿದ್ದುದು ಈಕೆಯ ಕೆಲಸದ ಮೇಲೆ.

"ಸರ್, ಮೈನೆ ಪಾಸ್‌ವರ್ಡ್ ಕಿಸೀ ಬಾಹರ್‌ವಾಲೇ ಕೋ ನಹೀ ದಿಯಾ" ಎಂದಳು, ಹೊರಗಿನ ಯಾರಿಗೂ ಕೊಟ್ಟಿಲ್ಲವೆಂದು.

"ಹಾಗಾದರೆ ಒಳಗಿನವರಿಗೆ?" ಎಂದು ಹಿಂದಿಯಲ್ಲೇ ಕೇಳಿದೆ.

ಆಕೆ ನೆಲ ನೋಡಿದಳು. ಮುಂದೆ ಏನು ಕೇಳಿದರೂ ಒಂದಕ್ಷರ ಆಡಲಿಲ್ಲ. ನನಗೆ ಸಿಟ್ಟು ಬಂತು, ಒಪ್ಪಿಕೊಳ್ಳುತ್ತೇನೆ. ನಿನ್ನ ಕೆಲಸ ಉಳಿಸುವುದಕ್ಕೇ ಒದ್ದಾಡುತ್ತಿದ್ದೇನೆ, ನೀನು ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಹೇಗೆ ಎಂದು ಗದರಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಹೋದಳು.

ಗುರುವಾರ ಕಾವಲು ಕೂತೆ. ದಿನವೂ ನಾನು ಒಂಬತ್ತೂ ಕಾಲಿಗೆ ಬಂದು, ಕಂಪ್ಯೂಟರ್ ಇಟ್ಟಿದ್ದ ಗಾಜಿನ ಕೋಣೆಯ ನನ್ನ ಟರ್ಮಿನಲ್‌ನಲ್ಲಿ ಲಾಗಿನ್ ಆಗಿ, ಹಿಂದಿನ ದಿನದ ಕೆಲಸದ ನಕಲಿದ್ದ ಟೇಪುಗಳನ್ನು ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿಟ್ಟು ಮೇಲೆ ಬರುವಾಗ ಒಂಬತ್ತೂ ನಲವತ್ತಾಗುತ್ತಿತ್ತು. ಅಂದು ಇಳಿಯಲಿಲ್ಲ. ಹಾಲಿನಲ್ಲಿದ್ದವರು ಹತ್ತಿರದ ಹಾರ್ಬರ್ ಲೈನಿನ ಲೋಕಲಿನಲ್ಲಿ ಬರುವ ನಾಲ್ಕೈದು ಜನ. ಒಂಬತ್ತು ಇಪ್ಪತ್ತೇಳಾಯಿತು. ಏನೂ ನಡೆಯಲಿಲ್ಲ. ತಡವಾಗಿ ಬಂದವರೆಲ್ಲ ಪ್ರಾಮಾಣಿಕವಾಗಿ ತಡವಾದರು, ಏಳು ಜನರಿಗೆ ಗುರುತು ಬಿತ್ತು. ನಾನು ನೆಲಮಾಳಿಗೆಯಲ್ಲಿರುವಾಗ ಮಾತ್ರ ಬರುವ ಹ್ಯಾಕರ್! ಈಗ ನನಗೆ ಮೈಯುರಿಯಿತು.

ಆ ಸಿಟ್ಟಿನಲ್ಲೇ ಒಂದು ಒಳ್ಳೆಯ ಕೆಲಸವಾಯಿತು. ನಾವು ನೋಡುತ್ತಿದ್ದ ಪಟ್ಟಿಯಲ್ಲಿ ಗಂಟೆ ನಿಮಿಷ ಮಾತ್ರ ಇರುತ್ತಿತ್ತು. ಯಂತ್ರ ಒಳಗೆ ಸೆಕೆಂಡನ್ನೂ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಹೊರತೆಗೆಯಲು ಹತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಬುಧವಾರದ ಲಾಗಿನ್‌ಗಳು ಒಂದಾದ ಮೇಲೊಂದು ಆರು ಆರು ಸೆಕೆಂಡಿಗೆ ಬಿದ್ದಿದ್ದವು. ಎರಡು ಕಡೆ ಮಾತ್ರ ಹತ್ತು ಸೆಕೆಂಡು. ಆ ಎರಡು ಕಡೆಯೂ ನಡುವಿನ ಕುರ್ಚಿಯಲ್ಲಿ ಹೊತ್ತಿಗೆ ಸರಿಯಾಗಿ ಬಂದವರು ಕೂತಿದ್ದರು. ಅಂದರೆ ಯಾರೋ ಸಾಲಿನುದ್ದಕ್ಕೂ ನಡೆಯುತ್ತಾ, ಖಾಲಿ ಕುರ್ಚಿ ಸಿಕ್ಕಲ್ಲಿ ನಿಂತು, ಲಾಗಿನ್ ಮಾಡಿ, ಮುಂದೆ ಹೋಗಿದ್ದಾರೆ. ಆದರೆ ಹೆಸರು, ಎಂಟಕ್ಷರದ ಪಾಸ್‌ವರ್ಡು, ಎರಡನ್ನೂ ಆರು ಸೆಕೆಂಡಿನಲ್ಲಿ ಟೈಪ್ ಮಾಡಿ ಮುಂದಿನ ಮೇಜಿಗೆ ಹೋಗುವುದು ಮನುಷ್ಯಮಾತ್ರರಿಂದ ಆಗದು.

ಊಟದ ಹೊತ್ತಿನಲ್ಲಿ ಹಾಲ್ ಖಾಲಿಯಾದಾಗ ಏಳನೆಯ ಟರ್ಮಿನಲ್ ಮುಂದೆ ಕೂತು ಕೀಬೋರ್ಡನ್ನೇ ದಿಟ್ಟಿಸಿದೆ. ಮೇಲಿನ ಸಾಲಿನಲ್ಲಿ ಎಫ್ ಒಂದರಿಂದ ಹನ್ನೆರಡರವರೆಗಿನ ಫಂಕ್ಷನ್ ಕೀಗಳು. ನಮ್ಮ ಮ್ಯಾನಿಫೆಸ್ಟ್ ಕೆಲಸಕ್ಕೆ ಬೇಕಾದುದು ಮೊದಲ ನಾಲ್ಕು ಮಾತ್ರ, ಉಳಿದವು ದೂಳು ಹಿಡಿದಿದ್ದವು. ಎಂಟು ಮತ್ತು ಒಂಬತ್ತು ಮಾತ್ರ ಫಳಫಳ ಹೊಳೆಯುತ್ತಿದ್ದವು. ಪಕ್ಕದ ಟರ್ಮಿನಲ್ ನೋಡಿದೆ, ಅಲ್ಲೂ ಹಾಗೆಯೇ. ಹದಿನಾಲ್ಕರಲ್ಲೂ ಹಾಗೆಯೇ. ಆ ಟರ್ಮಿನಲ್‌ಗಳಲ್ಲಿ ಒಂದು ಕೀಗೆ ಒಂದಿಡೀ ಸಾಲನ್ನು ತುಂಬಿಸಿಡಬಹುದೆಂದು ಕೈಪಿಡಿಯ ಕೊನೆಯ ಪುಟಗಳಲ್ಲಿ ಇತ್ತು. ನಾನು ಕೂಡ ಒಮ್ಮೆ ಲಾಗಿನ್ನನ್ನು ಹಾಗೆ ಕೂರಿಸಲು ನೋಡಿ, ಆಗದೆ ಕೈಬಿಟ್ಟಿದ್ದೆ. ಹೆಸರಿನ ಹಿಂದೆಯೇ ಪಾಸ್‌ವರ್ಡ್ ಹೋದರೆ ಯಂತ್ರ ಅದನ್ನು ಎಸೆದುಬಿಡುತ್ತಿತ್ತು.

ಎಫ್ ಎಂಟು ಒತ್ತಿದೆ. ಪರದೆಯ ಮೇಲೆ ಅಂಬರನಾಥದಾಕೆಯ ಹೆಸರು ಹಸಿರಕ್ಷರದಲ್ಲಿ ಮೂಡಿತು. ಯಂತ್ರ ಪಾಸ್‌ವರ್ಡ್ ಕೇಳಿತು. ಎಫ್ ಒಂಬತ್ತು ಒತ್ತಿದೆ. ಒಳಗೆ ಹೋದೆ.

ಎರಡು ಕೀ. ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ.

ಇದನ್ನು ಮಾಡಿದವರು ಯಾರೆಂದು ಆಗ ಕಷ್ಟಪಡದೆ ಗೊತ್ತಾಯಿತು. ಕೈಪಿಡಿ ಇರುತ್ತಿದ್ದುದು ಸೀನಿಯರ್ ಆಪರೇಟರ್ ಬಳಿ. ಉಡುಪಿ ಕಡೆಯವರು, ಐವತ್ತು ಸಮೀಪಿಸಿದ್ದ ಹೆಂಗಸು. ಯಜಮಾನರು ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾದಲ್ಲಿ. ಮನೆ ಹತ್ತಿರದ ಆಂಟಾಪ್ ಹಿಲ್ಲಿನಲ್ಲಿ, ಆದ್ದರಿಂದ ದಿನವೂ ಎಲ್ಲರಿಗಿಂತ ಮೊದಲು ಬಂದು ಗಾಜಿನ ಕೋಣೆಯ ಬೀಗ ತೆಗೆದು, ಎ.ಸಿ. ಹಾಕಿ, ಯಂತ್ರದ ಮೇಲಿನ ಗಣಪತಿ ಪಟಕ್ಕೆ ಊದುಬತ್ತಿ ಹಚ್ಚುವವರು ಅವರೇ. ಪಂಚ್ ಕಾರ್ಡಿನ ಕಾಲದಿಂದ ಇದ್ದವರು. ನಾನು ಅವರನ್ನು ಬರೀ ಟೈಪಿಂಗ್ ಗೊತ್ತಿರುವವರೆಂದು ತಿಳಿದಿದ್ದೆ.

ಊಟ ಮುಗಿಸಿ ಬಂದವರು ನಾನು ಕೂತಿದ್ದುದನ್ನು ನೋಡಿ ಹತ್ತಿರ ಬಂದರು.

"ಅಕ್ಕ, ಈ ಎಂಟು ಒಂಬತ್ತು ಯಾರು ತುಂಬಿಸಿದ್ದು?"

"ನಾನೇ. ಇದನ್ನು ಕೇಳ್ಲಿಕ್ಕೆ ನಿಮಗೆ ಇಷ್ಟು ದಿನ ಬೇಕಾಯ್ತಾ ಮಾರಾಯ್ರೆ?" ಎಂದು ಪಕ್ಕದ ಕುರ್ಚಿ ಎಳೆದು ಕೂತರು. "ಮೊದಲು ಒಂದೇ ಕೀಯಲ್ಲಿ ಮಾಡಿ ನೋಡಿದೆ. ಆಗ್ಲಿಲ್ಲ. ಈ ಯಂತ್ರ ಹೇಗೆ ಅಂದ್ರೆ, ಅದು ಕೇಳುವ ಮೊದಲೇ ಹೇಳಿದ್ರೆ ಕಿವಿಗೇ ಹಾಕಿಕೊಳ್ಳುದಿಲ್ಲ. ನಮ್ಮ ಮ್ಯಾನೇಜರರ ಹಾಗೆ. ಮತ್ತೆ ಎರಡು ಮಾಡಿದೆ."

"ಲಕೋಟೆಯಲ್ಲಿ ಹಾಕಿ ಕೊಟ್ಟಿದ್ನಲ್ಲ ಅಕ್ಕ, ಅದೂ ನಿಮ್ಗೆ ಹೇಗ್ ಸಿಕ್ತು?"

"ಡಬ್ಬಿ ಬಿಚ್ಚುವಾಗ ಎಲ್ರೂ ತಂದು ಕೊಟ್ರು. ನಾನು ಕೇಳ್ಲೂ ಇಲ್ಲ."

"ಇದು ಎಷ್ಟ್ ದೊಡ್ಡ ತಪ್ಪು ಅಂತ ಗೊತ್ತೇನು ನಿಮಗೆ?"

ಅವರು ಕುರ್ಚಿಯನ್ನು ನನ್ನತ್ತ ತಿರುಗಿಸಿದರು. "ನೀವು ಲೋಕಲಲ್ಲಿ ಹೋಗ್ತೀರಲ್ಲ. ಮೊದಲು ಹತ್ತಿದವರು ಹಿಂದೆ ಬರುವವರಿಗೆ ಸೀಟಿಗೆ ಕರ್ಚೀಫು ಹಾಕುದಿಲ್ವಾ? ಅದನ್ನು ಯಾರಾದ್ರೂ ಕಳ್ಳತನ ಅಂತಾರಾ? ಈ ಅಂಬರನಾಥದವಳು ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿ, ಮಗುವನ್ನು ಬಿಟ್ಟು, ಬಾಗಿಲಲ್ಲಿ ನೇತಾಡಿಕೊಂಡು ಬರ್ತಾಳೆ. ಗಾಡಿ ಕುರ್ಲಾದಲ್ಲಿ ನಿಂತ್ರೆ ಅವಳ ರಜೆ ಯಾಕೆ ಹೋಗ್ಬೇಕು? ನಾನು ಕರ್ಚೀಫು ಹಾಕಿದ್ದು, ಅಷ್ಟೇ. ಶುಕ್ರವಾರ ಅವಳು ಬರುದೇ ಇಲ್ಲ ಅಂತ ನನಗೆ ಗೊತ್ತಾಗ್ಲಿಲ್ಲ. ಪಕ್ಕದವಳ ಕೀಬೋರ್ಡ್ ಕೆಟ್ಟಿತ್ತು, ತೆರೆದೇ ಉಂಟಲ್ಲ ಅಂತ ಇಲ್ಲಿ ಕೂತು ಟೈಪ್ ಮಾಡಿದ್ಲು."

ನಾನು ಆ ಟರ್ಮಿನಲ್‌ನಲ್ಲಿ ಲಾಗೌಟ್ ಆಗಿ ಎದ್ದೆ.

"ನನ್ನ ಹೆಸರು ಬರೀರಿ" ಎಂದರು. "ಇವತ್ತು ನಾನೇ ಹೇಳ್ಬೇಕು ಅಂತ ಇದ್ದೆ. ಅವಳ ಕೆಲಸ ಹೋಗ್ಬಾರ್ದು."

ಶುಕ್ರವಾರ ವರದಿ ಬರೆಯಲು ಕೂತೆ. ಹೆಸರು ಬರೆಯುವುದೆಂದೇ ತೀರ್ಮಾನಿಸಿದ್ದೆ. ನಿಯಮ ನಿಯಮವೇ ಎನ್ನುವ ಜಾತಿಯವನು ಆಗ ನಾನು. ಸಾಕ್ಷ್ಯಕ್ಕೆಂದು ಹಿಂದಿನ ವರ್ಷದಿಂದ ಈಚಿನ ಎಲ್ಲ ೯:೨೭ರ ಲಾಗಿನ್‌ಗಳನ್ನೂ ಮುದ್ರಿಸಿದೆ. ಪುಟದ ಮೇಲೆ ಪುಟ ಬಂತು. ಮಧ್ಯದ ಒಂದು ಪುಟದಲ್ಲಿ ಕಣ್ಣು ನಿಂತಿತು. ಗಾಜಿನ ಕೋಣೆಯ ಲೈನು, ನನ್ನ ಹೆಸರು, ನನ್ನ ಮಗಳು ಹುಟ್ಟಿದ ತಾರೀಕು.

ನಾನು ಎರಡು ಭಾನುವಾರ ಹುಡುಕಿದ ದೋಷ ಅಲ್ಲಿತ್ತು.

ನನ್ನ ಟರ್ಮಿನಲ್‌ನಲ್ಲಿ ಲಾಗೌಟ್ ಆಗಿ ಎಫ್ ಎಂಟು ಒತ್ತಿದೆ. ನನ್ನ ಹೆಸರು. ಎಫ್ ಒಂಬತ್ತು. ಒಳಗೆ ಬಿಟ್ಟಿತು. ಮಂಗಳವಾರವಷ್ಟೇ ಬದಲಿಸಿದ ಪಾಸ್‌ವರ್ಡ್! ಅದು ಸಾಮಾನ್ಯ ಖಾತೆಯಲ್ಲ. ಅದರಿಂದ ಎಲ್ಲರ ಕಡತ ಓದಬಹುದು, ಅಳಿಸಬಹುದು, ಮನಸ್ಸು ಮಾಡಿದರೆ ಕಂಪನಿಯನ್ನೇ ಒಂದು ವಾರ ಮಲಗಿಸಬಹುದು. ಕಾದಂಬರಿಯ ನಾಯಕ ಇನ್ನೂರು ಪುಟ ಒದ್ದಾಡಿ ಪಡೆಯುವ ಬೀಗದ ಕೈ. ಅದು ವರ್ಷದಿಂದ ಸೀನಿಯರ್ ಆಪರೇಟರ್ ಕೈಯಲ್ಲಿತ್ತು. ಅವರು ಅದನ್ನು ಬಳಸಿದ್ದು ಒಂದೇ ಒಂದು ಸಲ, ಆಸ್ಪತ್ರೆಯಲ್ಲಿದ್ದ ನನಗೆ ಒಂದು ಕರ್ಚೀಫು ಹಾಕುವುದಕ್ಕೆ.

ಹೊರಗೆ ಹೋಗಿ ಮೆಲ್ಲನೆ ಕೇಳಿದೆ. "ಅಕ್ಕ, ನನ್ ಪಾಸ್‌ವರ್ಡ್ ನಿಮಗೆ ಯಾರ್ ಕೊಟ್ರು?"

"ನೀವೇ" ಎಂದರು ಅವರು, ಟೈಪ್ ಮಾಡುವುದನ್ನು ನಿಲ್ಲಿಸದೆ. "ತಿಂಗಳಿಗೊಂದು ಸಲ ಫೋನಲ್ಲಿ ಬೊಬ್ಬೆ ಹಾಕ್ತೀರಲ್ಲ. ನಮಗೆಲ್ಲ ಬಾಯಿಪಾಠ ಉಂಟು. ಆ ಶಾಖೆಯವನಿಗೆ ಮಾತ್ರ ಕೇಳುದಿಲ್ಲ."

ವರದಿ ಹರಿದು ಹಾಕಿದೆ. ಶನಿವಾರ ಬೆಳಿಗ್ಗೆ ಮ್ಯಾನೇಜರಿಗೆ ಕೊಟ್ಟದ್ದು ಆ ಪಟ್ಟಿ, ಅದರ ಮೇಲೊಂದು ಪುಟದ ಒಕ್ಕಣೆ. ಹೊರಗಿನವರು ಯಾರೂ ಬಂದಿಲ್ಲ, ನನ್ನ ಪ್ರೋಗ್ರಾಮಿಗೆ ಕೀ ಒತ್ತಿದ ಬೆರಳಿಗೂ ಕುರ್ಚಿಯಲ್ಲಿರುವ ಮನುಷ್ಯರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ತಪ್ಪು ನನ್ನದು.

"ಒತ್ತಿದವರು ಯಾರು?" ಎಂದರು.

"ಅದನ್ನು ನಾನು ಬರೆಯುವುದಿಲ್ಲ, ಸರ್. ಅಂಬರನಾಥದಾಕೆಯನ್ನು ತೆಗೆಯುವುದಾದರೆ ಈ ಪಟ್ಟಿಯಲ್ಲಿರುವ ಎಲ್ಲರನ್ನೂ ತೆಗೆಯಬೇಕು. ಗುರುತು ಹಾಕಿದ್ದೇನೆ ನೋಡಿ, ಆ ದಿನ ಆ ಹೊತ್ತಿಗೆ ನಾನು ಹೆರಿಗೆ ಆಸ್ಪತ್ರೆಯ ವರಾಂಡದಲ್ಲಿದ್ದೆ. ನನ್ನಿಂದಲೇ ಶುರು ಮಾಡಿ."

ಅವರು ಪುಟ ತಿರುವುತ್ತಾ ಹೋದರು. ಸೋಮವಾರಕ್ಕೆ ಎರಡು ಹಡಗು ಬರುವುದಿತ್ತು. ಹಾಲನ್ನು ಖಾಲಿ ಮಾಡಿಸಿ ಮ್ಯಾನಿಫೆಸ್ಟ್‌ಗಳನ್ನು ತಾವೇ ಟೈಪ್ ಮಾಡುವ ಚಿತ್ರ ಅವರ ಕಣ್ಣಮುಂದೆ ಬಂದಿರಬೇಕು. ಕೊನೆಗೆ ಕನ್ನಡಕ ತೆಗೆದು, "ಇಷ್ಟೇನಾ? ಬರೀ ಹಾಜರಿಗಾ?" ಎಂದರು. ಅಷ್ಟು ನಿರಾಸೆಯನ್ನು ನಾನು ಅವರ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ. ಪಾಪ ಎನಿಸಿತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಮಸ್ಟರ್ ಪುಸ್ತಕ ದೂಳು ಕೊಡವಿಕೊಂಡು ಹಿಂದಿರುಗಿತು. ಅಂಬರನಾಥದಾಕೆಗೆ ಕೆಲಸ ಖಾಯಂ ಆದ ಪತ್ರ ಸಿಕ್ಕಿತು. ನನ್ನ ಫೈಲಿಗೆ ಒಂದು ಮೆಮೊ ಸೇರಿತು, ಆ ವರ್ಷದ ಬಡ್ತಿ ತಪ್ಪಿತು. ಹೆಂಡತಿ ಬೇಸರ ಮಾಡಿಕೊಂಡಳು. ನಾನೂ ಮಾಡಿಕೊಂಡೆ.

ಸೋಮವಾರ ಮೋಡೆಮ್ ಮತ್ತೆ ಜೋಡಿಸಿದೆ. ಮೊದಲು ಎಲ್ಲ ಟರ್ಮಿನಲ್‌ಗಳ ಎಂಟು ಒಂಬತ್ತನ್ನು ಖಾಲಿ ಮಾಡಿದೆ. ಆಮೇಲೆ ಗಾಜಿನ ಕೋಣೆಯ ಬಾಗಿಲು ಹಾಕಿ, ಕೀಬೋರ್ಡಿಗೆ ಕೈ ಅಡ್ಡ ಹಿಡಿದು, ನನ್ನ ಪಾಸ್‌ವರ್ಡ್ ಬದಲಿಸಿದೆ. ಈ ಸಲ ಇದು ನನ್ನ ಹೆಂಡತಿಗೂ ಗೊತ್ತಾಗಬಾರದು ಎಂದುಕೊಂಡೆ. ಹನ್ನೊಂದಕ್ಕೆ ಹಾಲಿನ ಫೋನ್ ಬಡಿದುಕೊಂಡಿತು. ಶಾಖೆಯವನು. ಹಡಗು ಆಗಲೇ ಲಂಗರು ಹಾಕಿದೆ, ಮ್ಯಾನಿಫೆಸ್ಟ್ ಕಳಿಸಬೇಕು, ಹಳೇ ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ, ಹೊಸದು ಏನು?

ಮೆಲ್ಲಗೆ ಹೇಳಿದೆ. "ಕ್ಯಾ?" ಎಂದ. ಬಾಯಿಗೆ ಕೈ ಅಡ್ಡ ಇಟ್ಟು ಇನ್ನೊಮ್ಮೆ ಹೇಳಿದೆ. "ಕ್ಯಾ ಬೋಲಾ, ಸಾಹೇಬ್? ಜೋರ್ ಸೇ."

ತಲೆ ಎತ್ತಿ ನೋಡಿದೆ. ಹದಿನಾಲ್ಕು ತಲೆಗಳು ಪರದೆಗಳ ಮುಂದೆ ಬಗ್ಗಿದ್ದವು. ಸೀನಿಯರ್ ಆಪರೇಟರ್ ಕಾಗದ ತಿರುವುತ್ತಿದ್ದರು. ಹಡಗು ಕಾಯುತ್ತಿತ್ತು. ಮೇಜಿನ ಮೇಲೆ ಬಗ್ಗಿ, ಇನ್ನೊಂದು ಕಿವಿ ಮುಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಗಂಟಲು ಹರಿಯುವಂತೆ ಕೂಗಿದೆ.

ನಾನು ಕೂಗಿ ಮುಗಿಸುವವರೆಗೂ ಹಾಲಿನಲ್ಲಿ ಒಂದು ಕೀಬೋರ್ಡೂ ಸದ್ದು ಮಾಡಲಿಲ್ಲ. ಎಂಟನೆಯ ಅಕ್ಷರ ಮುಗಿದ ಮೇಲೆ ಹದಿನಾಲ್ಕೂ ಮತ್ತೆ ಶುರುವಾದವು.